ಮಳೆ ಬಿಡುವು ಕೊಟ್ಟಾಗ ಬರೆದ ಹಸೆ

ಶಿವಮೊಗ್ಗದಲ್ಲಿ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಯಾವ ಕೆಲಸಕ್ಕೂ ದಿನವನ್ನು ನಂಬುವ ಹಾಗಿಲ್ಲ. ಬೆಳಗ್ಗೆ ಎಂಟು ಗಂಟೆಗೇ ಬೆನ್ನಿಗೆ ಅಂಗಿ ಅಂಟಿರುತ್ತದೆ. ಮಧ್ಯಾಹ್ನ ಎರಡಕ್ಕೆ ಗಾಳಿ ಪೂರ್ತಿ ನಿಂತುಬಿಡುತ್ತದೆ. ಮೂರೂವರೆಗೆ ಆಯನೂರಿನ ಕಡೆ ಆಕಾಶ ಕಪ್ಪಾಗುತ್ತದೆ, ನಾಲ್ಕಕ್ಕೆ ಗುಡುಗು, ನಾಲ್ಕೂ ಕಾಲಿಗೆ ಕರೆಂಟು ಹೋಗುತ್ತದೆ. ಕೆಲವು ದಿನ ಮಳೆ ಹೊಡೆದು ಚರಂಡಿ ಉಕ್ಕುತ್ತದೆ. ಕೆಲವು ದಿನ ಬರೀ ಧೂಳೆಬ್ಬಿಸಿ, ಒಣಹಾಕಿದ ಬಟ್ಟೆಯನ್ನೆಲ್ಲ ಪಕ್ಕದ ಮನೆಯ ಮಾಡಿಗೆ ಹಾರಿಸಿ, ಮೋಡ ಭದ್ರಾವತಿ ಕಡೆ ಹೋಗುತ್ತದೆ. ಆರು ಗಂಟೆಗೆ ಏನೂ ಆಗಿಲ್ಲವೆಂಬಂತೆ ಎಳೆಬಿಸಿಲು.

ಇದಕ್ಕೆ ಕಾರಣ ನಮ್ಮ ಕಡೆ ಎಲ್ಲರಿಗೂ ಅಂದಾಜಿದೆ. ಬೆಳಗಿನಿಂದ ಕಾದ ನೆಲ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ, ಪಶ್ಚಿಮದ ಸಮುದ್ರದಿಂದ ಬಂದ ತೇವ ಘಟ್ಟದ ಮೇಲೆ ಸಿಕ್ಕಿಕೊಂಡಿರುತ್ತದೆ, ಎರಡೂ ಸೇರಿ ಮಧ್ಯಾಹ್ನದ ಮೇಲೆ ಗುಡುಗು ಮಳೆ. ಹಿರಿಯರ ಲೆಕ್ಕ ಬೇರೆ: ಏಪ್ರಿಲ್ 13-14ರ ಹೊತ್ತಿಗೆ ಅಶ್ವಿನಿ ಹುಟ್ಟಿದರೆ, 27ರ ಹೊತ್ತಿಗೆ ಭರಣಿ, ಮೇ 11ರ ಆಸುಪಾಸು ಕೃತ್ತಿಕೆ, 25ಕ್ಕೆ ರೋಹಿಣಿ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಹೊಲ ಇದ್ದವರಿಗೆ ಅದು ಸರಿ. ಮನೆಯಲ್ಲಿ ಬಣ್ಣ ಕಲಸಿಕೊಂಡು ಕೂತವರಿಗೆ ಭರಣಿಯೂ ಬೇಡ, ಕೃತ್ತಿಕೆಯೂ ಬೇಡ.

ನಾವು ಜಿಲ್ಲೆಯ ಸ್ಟ್ರಿಂಗರ್. ಸುದ್ದಿ ಲೆಕ್ಕದಲ್ಲಿ ದುಡ್ಡು, ತಿಂಗಳ ಸಂಬಳ ಇಲ್ಲ. ಬೇಸಿಗೆಯಲ್ಲಿ ನಮ್ಮ ಸುದ್ದಿ ನಾಲ್ಕೈದೇ ಬಗೆ: ಸಿಡಿಲು, ಬಿದ್ದ ಮರ, ಹಾರಿದ ತಗಡು, ನೆಲಕಚ್ಚಿದ ಬಾಳೆ, ಇವುಗಳ ನಡುವೆ ಅಡಿಕೆ ಧಾರಣೆ. ಉಳಿದ ಹೊತ್ತು ಮನೆಯಲ್ಲೇ. ಮಗಳಿಗೆ ಹತ್ತು ವರ್ಷ, ಶಾಲೆಗೆ ರಜೆ. ಹೀಗಾಗಿ ಪ್ರತಿ ಬೇಸಿಗೆಯಲ್ಲೂ ನಮ್ಮ ಮನೆಯ ಒಳಕೋಣೆ ಒಂದು ಚಿಕ್ಕ ಕಾರ್ಖಾನೆ. ಒಂದು ವರ್ಷ ಅಡಿಕೆ ಹಾಳೆಯಲ್ಲಿ ಬೀಸಣಿಗೆ, ಟೊಪ್ಪಿ ಮಾಡಿದೆವು. ಇನ್ನೊಂದು ವರ್ಷ ಹಳೆಯ ಪೇಪರು ನೆನೆಸಿ ರುಬ್ಬಿ ಮುಖವಾಡ. ಹಾಳೆಯ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು: ಬಿದ್ದ ಹಾಳೆ ಬಿಸಿಲಿಗೆ ಸುರುಳಿ ಸುತ್ತಿದ್ದರೆ ಬಿಸಾಡಬೇಡಿ. ನೀರಲ್ಲಿ ನೆನೆಸಿದರೆ ಮತ್ತೆ ಮೆತ್ತಗಾಗುತ್ತದೆ. ಹೇಗೆ ಬೇಕೋ ಹಾಗೆ ಮಡಚಿ, ಮೇಲೆ ಕಲ್ಲು ಹೇರಿ, ನೆರಳಲ್ಲೇ ಒಣಗಿಸಿ. ಬಿಸಿಲಿಗೆ ಇಟ್ಟರೆ ಅದು ತನ್ನ ಹಳೆಯ ಸುರುಳಿಗೇ ವಾಪಸು ಹೋಗುತ್ತದೆ.

ಈ ವರ್ಷದ ಕೆಲಸ ಮಾತ್ರ ಹೊತ್ತು ಕಳೆಯಲು ಶುರುವಾದದ್ದಲ್ಲ.

ಭದ್ರಾವತಿಯಲ್ಲಿ ನಮ್ಮ ಅತ್ತೆ ಇದ್ದಾರೆ. ಹುಟ್ಟಿದ್ದು ಸಾಗರ ತಾಲ್ಲೂಕಿನ ಒಂದು ಹಳ್ಳಿಯ ದೀವರ ಮನೆಯಲ್ಲಿ. ಮಾವ ಕಾರ್ಖಾನೆ ಕೆಲಸಕ್ಕೆಂದು ಭದ್ರಾವತಿಗೆ ಬಂದವರು, ಅವರ ಜತೆ ಅತ್ತೆಯೂ ಬಂದರು. ಮಾವ ಈಗಿಲ್ಲ. ಅತ್ತೆ ಮತ್ತು ಕಿರಿ ಮಗ ಜನ್ನಾಪುರದ ಕಡೆ ಒಂದು ಬಾಡಿಗೆ ಮನೆಯಲ್ಲಿದ್ದಾರೆ. ಎರಡು ವರ್ಷದ ಹಿಂದೆ ಅತ್ತೆಗೆ ಲಕ್ವ ಹೊಡೆಯಿತು. ಮಾತು ನಿಧಾನವಾಗಿ ವಾಪಸು ಬಂತು, ಕಾಲೂ ಬಂತು. ಬಲಗೈ ಬರಲಿಲ್ಲ. ಲೋಟ ಹಿಡಿಯುವಷ್ಟು ಬಂದಿದೆ, ಅಷ್ಟೇ.

ಆ ಕೈ ಹಸೆ ಬರೆಯುತ್ತಿದ್ದ ಕೈ.

ಹಸೆ ಚಿತ್ತಾರ ಅಂದರೆ ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಬಯಲುಸೀಮೆಯ ಓದುಗರಿಗಾಗಿ ಹೇಳುತ್ತೇವೆ. ದೀವರ ಮನೆಗಳಲ್ಲಿ ಮದುವೆ ಬಂತೆಂದರೆ ಒಳಗಿನ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹೆಂಗಸರು ಚಿತ್ತಾರ ಬರೆಯುತ್ತಾರೆ. ಮದುಮಕ್ಕಳನ್ನು ಕೂರಿಸುವುದು ಆ ಗೋಡೆಯ ಮುಂದೆ. ಅದೇ ಹಸೆಗೋಡೆ. ನಾಲ್ಕು ಬಣ್ಣ: ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಯ ಹಳದಿ. ಕುಂಚ ಅಂದರೆ ಪುಂಡಿಯ ನಾರು. ಚಿತ್ತಾರದಲ್ಲಿ ಡೊಂಕು ಕಡಿಮೆ, ನೇರ ಗೆರೆಯೇ ಜಾಸ್ತಿ. ಚೌಕದೊಳಗೆ ಚೌಕ, ಅದರೊಳಗೆ ತ್ರಿಕೋನದ ಮದುಮಕ್ಕಳು, ಬಾಸಿಂಗ, ದಂಡಿಗೆ, ಸುತ್ತ ಅಂಚು. ಇದೇ ಹೆಂಗಸರು ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಬರೆಯುತ್ತಾರೆ. ಸಿರಿವಂತೆಯ ಚಂದ್ರಶೇಖರ ಅವರಂಥವರು ಇದನ್ನು ಬಟ್ಟೆ, ಕಾಗದ, ಕಾಗದದ ಚೀಲದವರೆಗೂ ತಂದು ಹೊರಗಿನವರಿಗೂ ಪರಿಚಯ ಮಾಡಿಕೊಟ್ಟಿದ್ದಾರೆ. ಸಾಗರದ ಕಡೆ ಹೋದರೆ ಈಗ ಸರ್ಕಾರಿ ಕಟ್ಟಡದ ಗೋಡೆಯ ಮೇಲೂ ಕಾಣುತ್ತದೆ. ಅಲ್ಲಿ ಮಾತ್ರ ಎಮಲ್ಷನ್ ಪೇಂಟಿನಲ್ಲಿ.

ನಮ್ಮ ಮೈದುನನ ಮದುವೆ ಮೇ ಮೂರನೇ ವಾರಕ್ಕೆ ಗೊತ್ತಾಯಿತು. ಛತ್ರ, ಅಡುಗೆಯವರು, ವಿಡಿಯೋದವರು, ಎಲ್ಲಾ ಆಯಿತು. ಒಂದು ಸಂಜೆ ಅತ್ತೆ ಕೇಳಿದರು: ‘ಹಸೆ ಎಲ್ಲಿ ಬರಿಯದು?’

ಯಾರೂ ಬಾಯಿ ಬಿಡಲಿಲ್ಲ. ಮನೆ ಬಾಡಿಗೆಯದು. ಹೋದ ವರ್ಷವಷ್ಟೇ ತಿಳಿನೀಲಿ ಪೇಂಟು ಹೊಡೆಸಿದ್ದಾರೆ. ಮಾಲೀಕರನ್ನು ಕೇಳಿದರೆ ‘ಮದುವೆ ಮಾಡ್ಕೊಳಿ, ಗೋಡೆ ಮುಟ್ಟಬೇಡಿ’ ಅಂದರು. ಅವರ ಮಾತಿನಲ್ಲೂ ತಪ್ಪು ಹುಡುಕುವ ಹಾಗಿಲ್ಲ, ಪೇಂಟಿನ ಮೇಲೆ ಕೆಮ್ಮಣ್ಣು ನಿಲ್ಲುವುದೂ ಇಲ್ಲ. ಮಣ್ಣಿನ ಗೋಡೆ ಮಣ್ಣನ್ನು ಹೀರಿಕೊಳ್ಳುತ್ತದೆ. ಎಣ್ಣೆಪೇಂಟು ಅದನ್ನು ಉಗುಳುತ್ತದೆ.

ಫ್ಲೆಕ್ಸ್ ಮಾಡಿಸೋಣ ಅಂತ ಮೈದುನ ಅಂದ. ಹಸೆ ಚಿತ್ತಾರದ ಫೋಟೋ ಫೋನಲ್ಲಿ ಬೇಕಾದಷ್ಟು ಸಿಗುತ್ತದೆ, ಹೊಸಮನೆ ಕಡೆ ಎರಡು ಗಂಟೆಯಲ್ಲಿ ಪ್ರಿಂಟು ಹಾಕಿಕೊಡುತ್ತಾರೆ. ಅತ್ತೆ ಬೇಡ ಅನ್ನಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡರು. ಅವತ್ತೇ ರಾತ್ರಿ ನಾವು ಶಿವಮೊಗ್ಗಕ್ಕೆ ವಾಪಸು ಬರುವ ಬಸ್ಸಿನಲ್ಲಿ ತೀರ್ಮಾನ ಮಾಡಿದ್ದು: ಗೋಡೆ ಇಲ್ಲದಿದ್ದರೆ ಗೋಡೆಯನ್ನೇ ಮಾಡುವುದು. ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಪ್ಲೈವುಡ್ ಹಲಗೆ. ಕೈ ನಮ್ಮದು, ಮಾತು ಅತ್ತೆಯದು.

ಗೋಡೆಯಿಂದ ಕೆಳಗಿಳಿದದ್ದು ಹಸೆಯೊಂದೇ ಅಲ್ಲ. ಬಿಹಾರದ ಮಧುಬನಿ ಚಿತ್ರಗಳೂ ಮನೆಯ ಗೋಡೆಯ ಮೇಲೇ ಇದ್ದವು. 1966-67ರಲ್ಲಿ ಅಲ್ಲಿ ಭೀಕರ ಬರ ಬಂದಾಗ, ಕೂಲಿ ಇಲ್ಲದ ಹೆಂಗಸರಿಗೆ ಒಂದು ದುಡಿಮೆಯಾಗಲಿ ಎಂದು ಅಖಿಲ ಭಾರತ ಕರಕುಶಲ ಮಂಡಳಿಯವರು ಕಾಗದ ಹಂಚಿದರು. ಇವತ್ತು ಅದು ದೇಶವಿದೇಶಕ್ಕೆ ಮಾರಾಟವಾಗುತ್ತದೆ. ಇದನ್ನು ಅತ್ತೆಗೆ ಹೇಳಿದೆವು. ‘ಅವ್ರು ಮಾರಕ್ಕೆ ಬರದ್ರು. ಇದು ಮಾರದಲ್ಲ’ ಅಂದರು. ಹಲಗೆಗೆ ಒಪ್ಪಿದರು ಅಂತ ನಾವು ಅರ್ಥ ಮಾಡಿಕೊಂಡೆವು.

ಮೊದಲು ಕೆಮ್ಮಣ್ಣು. ಇದರಲ್ಲಿ ನಮಗೆ ಒಂದು ಸ್ವಾರಸ್ಯ ಕಂಡಿತು, ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ ಅಲ್ಲಿ 1923ರಲ್ಲಿ ಕೆಲಸ ಶುರು ಮಾಡಿತು. ಮಲೆನಾಡಿನ ಕಾಡಿನ ಇದ್ದಿಲೇ ಮೊದಲ ಕಾಲದಲ್ಲಿ ಅದರ ಉರುವಲು. ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. ಊರಿನ ಹೆಸರಲ್ಲೇ ಇದೆ ನೋಡಿ, ಕೆಮ್ಮಣ್ಣು. ಮಣ್ಣು ಕೆಂಪಾಗುವುದು ಅದರಲ್ಲಿರುವ ಕಬ್ಬಿಣದ ತುಕ್ಕಿನಿಂದ. ಅದೇ ತುಕ್ಕು ಗಟ್ಟಿಯಾಗಿ ಸಿಕ್ಕರೆ ಅದಿರು, ಕುಲುಮೆಗೆ ಹೋಗುತ್ತದೆ. ಮಣ್ಣಿನ ಜತೆ ಬೆರೆತು ಸಿಕ್ಕರೆ ಗೋಡೆಗೆ ಬರುತ್ತದೆ. ಮಾವ ದುಡಿದದ್ದೂ ಅತ್ತೆ ಬರೆದದ್ದೂ ಒಂದೇ ವಸ್ತುವಿನಲ್ಲಿ. ಇದನ್ನು ಮನೆಯಲ್ಲಿ ಹೇಳಿದಾಗ ಮೈದುನ ‘ಇದನ್ನ ಪೇಪರಿಗೆ ಬರಿ’ ಅಂದ. ಪೇಪರಿನವರಿಗೆ ಜಾಗ ಇರಲಿಲ್ಲ, ಅವತ್ತು ಆಲಿಕಲ್ಲು ಬಿದ್ದಿತ್ತು.

ಕೆಮ್ಮಣ್ಣನ್ನು ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ನೀರಲ್ಲಿ ಕದಡಿ ಬಿಟ್ಟೆವು. ಮರಳು ತಳಕ್ಕೆ ಕೂರುತ್ತದೆ, ನುಣ್ಣನೆಯ ಮಣ್ಣು ಮೇಲೆ ತೇಲುತ್ತದೆ, ಅದನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಬೇಕು. ಹಲಗೆಗೆ ಹಳೆಯ ಹತ್ತಿ ಸೀರೆಯ ತುಂಡು ಅಂಟಿಸಿ, ಅದರ ಮೇಲೆ ಮಣ್ಣು ಬಳಿದು ಬಿಸಿಲಿಗಿಟ್ಟೆವು. ಹನ್ನೊಂದಕ್ಕೆ ಇಟ್ಟದ್ದು ಒಂದು ಗಂಟೆಗೆ ಬೇಸಿಗೆಯ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು. ಅತ್ತೆಗೂ ಹಲಗೆ ಹೊಸತು. ಗೋಡೆ ಒಣಗುವುದು ನೆರಳಲ್ಲಿ, ಅದಕ್ಕೆ ಹಿಂದಿನಿಂದ ಬಿಸಿಲು ಹೊಡೆಯುವುದಿಲ್ಲವಲ್ಲ. ಮಣ್ಣು ಬೇಗ ಒಣಗಿದಷ್ಟೂ ಬೇಗ ಕುಗ್ಗುತ್ತದೆ, ಕುಗ್ಗಲು ಜಾಗ ಸಾಲದೆ ಒಡೆಯುತ್ತದೆ. ಎರಡನೇ ಸಲ ಸೆಗಣಿ ಬೆರೆಸಿದೆವು. ಅದರಲ್ಲಿರುವ ನಾರು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಅಂಟಿಗೆ ಹುಣಸೆ ಬೀಜ: ಹುರಿದು ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ಗಂಜಿಯ ಹಾಗೆ ಕಾಯಿಸಿದ್ದು. ಕೊಪ್ಪಳದ ಕಿನ್ನಾಳದ ಗೊಂಬೆ ಮಾಡುವವರೂ ಹುಣಸೆ ಬೀಜದ ಅಂಟನ್ನು ಬಳಸುತ್ತಾರೆ.

ಒಣಗಿಸಿದ್ದು ಒಳಕೋಣೆಯ ನೆರಳಲ್ಲಿ. ಆಗ ಸತತ ಮೂರು ದಿನ ಮಳೆ. ಗಾಳಿಯಲ್ಲೇ ನೀರು. ಹಲಗೆ ಒಣಗುವ ಬದಲು ಒಂದು ಬದಿಗೆ ಬಾಗಿ ಹಪ್ಪಳದ ಹಾಗಾಯಿತು. ಗಾಂಧಿ ಬಜಾರಿನ ಹತ್ತಿರ ಒಬ್ಬ ಬಡಗಿಯನ್ನು ಕೇಳಿದೆವು. ಒಂದೇ ಮಗ್ಗುಲು ಒದ್ದೆಯಾದರೆ ಮರ ಬಾಗಿಯೇ ಬಾಗುತ್ತದೆ, ಹಿಂದೆಯೂ ಅಷ್ಟೇ ಬಳಿಯಿರಿ ಅಂದರು. ಹಿಂಬದಿಗೂ ಬರೀ ಮಣ್ಣಿನ ಒಂದು ಲೇಪ ಕೊಟ್ಟು, ಎರಡು ಕಟ್ಟಿಗೆ ಪಟ್ಟಿ ಹೊಡೆದೆವು. ನಾಲ್ಕನೇ ದಿನ ಹಲಗೆ ನೆಟ್ಟಗಾಯಿತು. ಮನೆಯಲ್ಲಿ ಹೀಗೆ ಏನಾದರೂ ಬಳಿಯುವವರು ಇದೊಂದನ್ನು ನೆನಪಿಡಿ, ರಟ್ಟಿಗೂ ಇದೇ ಲೆಕ್ಕ.

ಇಷ್ಟೊತ್ತಿಗೆ ಏಪ್ರಿಲ್ ಮುಗಿದಿತ್ತು. ಅತ್ತೆಯನ್ನು ಶಿವಮೊಗ್ಗಕ್ಕೆ ಕರೆತಂದೆವು. ಬರುವಾಗ ಅವರು ಅಟ್ಟದ ಮೇಲಿದ್ದ ಒಂದು ಕಾಗದದ ಕಟ್ಟನ್ನೂ ಹೊರಿಸಿಕೊಂಡು ಬಂದರು. ಮೈಸೂರು ಪೇಪರ್ ಮಿಲ್ಸ್‌ನ ಕಾಗದ, ಅಂಚು ಹಳದಿಯಾಗಿದೆ. 1936ರಲ್ಲಿ ಸ್ಥಾಪನೆಯಾದ ಆ ಮಿಲ್ಲಿನ ಯಂತ್ರಗಳು ನಿಂತು ವರ್ಷಗಳಾದವು. ಆದರೆ ಭದ್ರಾವತಿಯ ಹಳೆಯ ಮನೆಗಳ ಅಟ್ಟದಲ್ಲಿ ಅಂಥ ಕಟ್ಟು ಸಿಗುವುದು ಆಶ್ಚರ್ಯವಲ್ಲ. ಮಗಳು ಗೆರೆ ಅಭ್ಯಾಸ ಮಾಡಲು ಅದನ್ನೇ ಬಳಸಿದಳು. ಕಬ್ಬಿನ ಸಿಪ್ಪೆಯ, ಮರದ ತಿರುಳಿನ ಕಾಗದ, ಸ್ವಲ್ಪ ಒರಟು. ಹೊಳಪಿನ ಡ್ರಾಯಿಂಗ್ ಹಾಳೆಗಿಂತ ಅದರ ಮೇಲೆ ಅಕ್ಕಿ ಬಣ್ಣ ಚೆನ್ನಾಗಿ ಕಚ್ಚುತ್ತದೆ. ನೆಹರೂ ರಸ್ತೆಯಿಂದ ತಂದ ಅಕ್ರಿಲಿಕ್ ಪೆಟ್ಟಿಗೆ ಮೂಲೆಗೆ ಹೋಯಿತು.

ಅಕ್ಕಿಯ ಬಿಳಿಯ ಬಗ್ಗೆ ಬರೆಯಲೇಬೇಕು. ಅಕ್ಕಿಯನ್ನು ರಾತ್ರಿ ನೆನೆಸಿ, ಒರಳಲ್ಲಿ ಬೆಣ್ಣೆಯ ಹಾಗೆ ಅರೆದು, ಬಟ್ಟೆಯಲ್ಲಿ ಸೋಸಬೇಕು. ಮಿಕ್ಸಿಯಲ್ಲಿ ಅರೆದದ್ದು ತರಿ ತರಿ ಬಂತು, ಅತ್ತೆ ಬೆರಳಲ್ಲಿ ಉಜ್ಜಿ ನೋಡಿ ತಲೆ ಅಲ್ಲಾಡಿಸಿದರು. ಒರಳಿಗಾಗಿ ಕೆಳಗಿನ ಮನೆಯವರಲ್ಲಿ ಕೇಳಿದೆವು. ಮೇ ಸೆಕೆಗೆ ಈ ಹಿಟ್ಟು ಒಂದೇ ದಿನಕ್ಕೆ ಹುಳಿ ಬರುತ್ತದೆ, ದೋಸೆ ವಾಸನೆ. ಆದ್ದರಿಂದ ಆಯಾ ದಿನದ್ದು ಆಯಾ ದಿನವೇ.

ಆದರೆ ನಿಜವಾದ ಪರೀಕ್ಷೆ ಬೇರೆ. ಒದ್ದೆ ಇರುವಾಗ ಅಕ್ಕಿಯ ಗೆರೆ ಕಾಣುವುದೇ ಇಲ್ಲ! ಕೆಂಪಿನ ಮೇಲೆ ನೀರು ಎಳೆದ ಹಾಗೆ ಇರುತ್ತದೆ. ಒಣಗುತ್ತ ಬಂದ ಹಾಗೆ ಬೆಳ್ಳಗೆ ಮೇಲೆದ್ದು ಬರುತ್ತದೆ. ಬಿಸಿಲಿನ ದಿನ ಒಂದೆರಡು ನಿಮಿಷ ಸಾಕು. ಮಳೆಯ ದಿನ ಕಾಲು ಗಂಟೆ ಕಾದರೂ ಗೆರೆ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಹತ್ತು ಗೆರೆ ಎಳೆದು ಮುಂದೆ ಹೋಗಿರುತ್ತೇವೆ, ಆಮೇಲೆ ಮೂರನೆಯದು ಡೊಂಕು ಅಂತ ತಿಳಿಯುತ್ತದೆ. ಮಗಳಿಗೆ ಇದು ಮಾಟದ ಹಾಗೆ ಕಂಡಿತು. ಫೋಟೋ ತೊಳೆಯುವುದನ್ನು ಅವಳು ನೋಡಿಲ್ಲ, ನಾವು ಚಿಕ್ಕವರಿದ್ದಾಗ ನೋಡಿದ್ದೇವೆ. ಹಾಗೇ.

ಕಪ್ಪಿಗೆ ಅತ್ತೆ ಹೇಳಿದ್ದು ಸುಟ್ಟ ಅಕ್ಕಿ. ಬಾಣಲೆಯಲ್ಲಿ ಅಕ್ಕಿಯನ್ನು ಇದ್ದಿಲಾಗುವ ತನಕ ಹುರಿದು ಅರೆಯುವುದು. ಅದನ್ನು ಮಾಡಿದೆವು. ಅದರ ಜತೆ ನಮ್ಮದೇ ಒಂದು ಉಪಕಸುಬು ನಡೆಯಿತು. ಅಡಿಕೆ ಬೇಯಿಸಿದ ಚೊಗರು ಗೊತ್ತಲ್ಲ? ತೋಟದವರ ಮನೆಯಲ್ಲಿ ಕ್ಯಾನಿನಲ್ಲಿ ತುಂಬಿ ಇಟ್ಟಿರುತ್ತಾರೆ. ಹೆಗ್ಗೋಡಿನಲ್ಲಿ ಪ್ರಸನ್ನ ಅವರು 1996ರಲ್ಲಿ ಶುರು ಮಾಡಿದ ಚರಕದ ಹೆಣ್ಣುಮಕ್ಕಳು ಕೈಮಗ್ಗದ ಬಟ್ಟೆಗೆ ಹಾಕುವ ನೈಸರ್ಗಿಕ ಬಣ್ಣಗಳಲ್ಲಿ ಇದೂ ಒಂದು. ಚೊಗರಿನಲ್ಲಿರುವ ಒಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಎಳೆ ಬಾಳೆಕಾಯಿ ಹೆಚ್ಚಿದ ಕತ್ತಿ ಕಪ್ಪಾಗುವುದನ್ನು ಎಲ್ಲರೂ ನೋಡಿದ್ದೇವೆ, ಅದೇ ಕೆಲಸ. ಯುರೋಪಿನಲ್ಲಿ ಓಕ್ ಮರದ ಗಂಟಿಗೆ ಕಬ್ಬಿಣದ ಲವಣ ಸೇರಿಸಿ ಮಾಡಿದ ಶಾಯಿಯಲ್ಲೇ ನೂರಾರು ವರ್ಷ ಪುಸ್ತಕ, ಕಾಗದಪತ್ರ ಎಲ್ಲಾ ಬರೆದರು. ನಾವು ಒಂದು ಡಬ್ಬಿಯಲ್ಲಿ ತುಕ್ಕು ಮೊಳೆ, ಬೆಲ್ಲ, ನೀರು ಹಾಕಿ ಮುಚ್ಚಿಟ್ಟೆವು. ಆಂಧ್ರದ ಕಲಂಕಾರಿಯವರ ಕಪ್ಪು ಹೀಗೇ ಆಗುವುದು, ಅವರು ಎರಡು ಮೂರು ವಾರ ಕೊಳೆಸುತ್ತಾರೆ. ಬಿಸಿಲಿನ ದಿನ ಡಬ್ಬಿ ಬುರುಬುರು ನೊರೆ ಎಬ್ಬಿಸುತ್ತಿತ್ತು, ಮೋಡದ ದಿನ ಸುಮ್ಮನಿರುತ್ತಿತ್ತು. ಮೊಳೆ ಭದ್ರಾವತಿಯದು, ಗುಜರಿಯಿಂದ ಆರಿಸಿದ್ದು. ಚೊಗರು ತೀರ್ಥಹಳ್ಳಿ ಕಡೆಯ ಸ್ನೇಹಿತರದು.

ಎರಡನ್ನೂ ಬೆರೆಸಿ ಎಂಪಿಎಂ ಕಾಗದದ ಮೇಲೆ ಎಳೆದಾಗ ಮೊದಲು ತೆಳು ಕಂದು. ನೋಡುತ್ತಿದ್ದ ಹಾಗೇ ಗಾಳಿಗೆ ಕಪ್ಪಾಯಿತು, ಸ್ವಲ್ಪ ಹಸಿರು ಛಾಯೆಯ ಕಪ್ಪು. ಮಗಳು ಅದರಲ್ಲಿ ತನ್ನ ಹೆಸರು ಬರೆದುಕೊಂಡಳು. ಅತ್ತೆ ಮೂಸಿ ನೋಡಿ ‘ಚಲೋ ಇದೆ. ಹಸೆಗೆ ಬ್ಯಾಡ’ ಅಂದರು. ಎಂತಕ್ಕೆ ಅಂದರೆ ಉತ್ತರವಿಲ್ಲ. ನಮಗೂ ಅದೇ ಸರಿ ಅನ್ನಿಸಿತು, ಬೇರೆ ಕಾರಣಕ್ಕೆ: ಕಬ್ಬಿಣದ ಶಾಯಿಯ ಹುಳಿ ಕಾಲ ಕಳೆದ ಹಾಗೆ ಕಾಗದವನ್ನು, ಬಟ್ಟೆಯನ್ನು ತಿನ್ನುತ್ತದೆ. ಸುಟ್ಟ ಅಕ್ಕಿ ಯಾರನ್ನೂ ತಿನ್ನುವುದಿಲ್ಲ.

ಹಳದಿ ಮಾತ್ರ ಕಾಡಿತು. ಗುರಿಗೆ ಪೇಟೆಯಲ್ಲಿ ಸಿಗುವ ವಸ್ತುವಲ್ಲ. ಅರಿಶಿನ ಹಾಕೋಣವೆಂದರೆ ಅದು ಬಿಸಿಲಿಗೆ ಮಾಸುತ್ತದೆ, ಸುಣ್ಣ ತಾಗಿದರೆ ಕೆಂಪಾಗುತ್ತದೆ. ಅತ್ತೆಯ ತವರಿಗೆ ಫೋನು ಮಾಡಿದೆವು. ಅಲ್ಲಿ ಯಾರದೋ ಮನೆಯ ಡಬ್ಬಿಯಲ್ಲಿ ಒಣಗಿಸಿಟ್ಟದ್ದು ಒಂದು ಹಿಡಿ ಇತ್ತು. ಸಾಗರದಿಂದ ಬರುವ ಬಸ್ಸಿನ ಕಂಡಕ್ಟರರ ಕೈಯಲ್ಲಿ, ಚಾಕಲೇಟು ಕವರಿನಲ್ಲಿ ಕಟ್ಟಿ ಕಳಿಸಿದರು. ಅಷ್ಟರಲ್ಲಿ ಆಗುವುದು ಅಂಚಿನ ಚುಕ್ಕಿಗಳಷ್ಟೇ.

ಬರೆಯಲು ಕೂತದ್ದು ಮೇ 6ರಂದು. ಹಲಗೆ ನೆಲದ ಮೇಲೆ, ಅತ್ತೆ ಕುರ್ಚಿಯ ಮೇಲೆ, ಮಗಳು ಒಂದು ಬದಿ, ನಾವು ಇನ್ನೊಂದು ಬದಿ. ಅತ್ತೆ ಹೇಳಬೇಕು, ನಾವು ಎಳೆಯಬೇಕು. ಇದು ಎಷ್ಟು ಕಷ್ಟ ಅಂತ ಕೂತ ಮೇಲೇ ಗೊತ್ತಾದದ್ದು. ಯಾಕೆಂದರೆ ಅತ್ತೆ ಇದನ್ನು ಯಾವತ್ತೂ ಮಾತಿನಲ್ಲಿ ಹೇಳಿದವರೇ ಅಲ್ಲ. ಅವರಿಗೂ ಯಾರೂ ಹೇಳಿಕೊಟ್ಟಿಲ್ಲ. ಅಮ್ಮನ ಪಕ್ಕ ಕೂತು, ಅಮ್ಮ ಎಳೆದ ಗೆರೆಯ ಮಗ್ಗುಲಿಗೆ ತಾನೊಂದು ಎಳೆಯುತ್ತ ಕಲಿತದ್ದು. ‘ಇಲ್ಲಿಂದ ಇಲ್ಲಿಗೆ’ ಅಂತ ಎಡಗೈಯಲ್ಲಿ ತೋರಿಸುತ್ತಾರೆ. ‘ಎಷ್ಟು ಗೆರೆ?’ ಅಂದರೆ ಕಣ್ಣು ಮುಚ್ಚುತ್ತಾರೆ. ಬಲಗೈಯ ಬೆರಳು ತೊಡೆಯ ಮೇಲೆ ಸ್ವಲ್ಪ ಅಲುಗುತ್ತದೆ. ಆಮೇಲೆ ಹೇಳುತ್ತಾರೆ: ‘ಐದು.’ ಲೆಕ್ಕ ಇದ್ದದ್ದು ಬೆರಳಲ್ಲಿ. ಬಾಯಿಗೆ ಅದನ್ನು ಕೇಳಿಯೇ ತಿಳಿಯಬೇಕು.

ನಿಲಿ, ಜೋಗಿ ಜಡೆ, ತಿರುಗೆ ಮಣೆ, ಒಂದೊಂದೇ ಹೆಸರು ಹೊರಗೆ ಬಂತು. ಮಗಳು ಎಂಪಿಎಂ ಕಾಗದದ ಒಂದೊಂದು ಹಾಳೆಗೆ ಒಂದೊಂದು ನಮೂನೆ ಬರೆದು, ಕೆಳಗೆ ಚೊಗರಿನ ಶಾಯಿಯಲ್ಲಿ ಹೆಸರು ಹಾಕಿದಳು. ಹೆಸರು ನೆನಪಾಗದ ನಮೂನೆಗಳೂ ಇವೆ. ಅವಕ್ಕೆ ಹೆಸರಿನ ಜಾಗ ಖಾಲಿ ಬಿಟ್ಟಿದ್ದಾಳೆ. ನಾವು ಎಷ್ಟೋ ಜನರ ಸಂದರ್ಶನ ಮಾಡಿದ್ದೇವೆ, ಮಂತ್ರಿಗಳದ್ದೂ ಮಾಡಿದ್ದೇವೆ. ಒಂದು ಉತ್ತರಕ್ಕಾಗಿ ಇಷ್ಟು ಹೊತ್ತು ಸುಮ್ಮನೆ ಕೂತದ್ದು ನೆನಪಿಲ್ಲ.

ಪುಂಡಿ ನಾರಿನಲ್ಲಿ ಗೆರೆ ಎಳೆಯುವಾಗ ಒತ್ತಬಾರದು. ನಾರನ್ನು ಪೂರ್ತಿ ಮಲಗಿಸಿ, ತನ್ನಷ್ಟಕ್ಕೆ ಹೋಗಲು ಬಿಟ್ಟು, ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಮಗಳಿಗೆ ಇದು ಎರಡು ದಿನಕ್ಕೆ ಬಂತು. ನಮಗೆ ಮೊಬೈಲು ಒತ್ತಿ ಒತ್ತಿ ಅಭ್ಯಾಸವಾದ ಕೈ, ವಾರ ಹಿಡಿಯಿತು. ಹೀಗಾಗಿ ನಡುವಿನ ಚೌಕ, ಮದುಮಕ್ಕಳು, ದಂಡಿಗೆ ಎಲ್ಲಾ ಮಗಳ ಪಾಲಿಗೆ ಹೋಯಿತು. ನಮಗೆ ಸಿಕ್ಕಿದ್ದು ಹೊರಗಿನ ಅಂಚು.

ಮೇ 11ಕ್ಕೆ ಅರ್ಧಕ್ಕಿಂತ ಜಾಸ್ತಿ ಆಗಿತ್ತು. ಅವತ್ತು ಸಂಜೆ ಬಿರುಗಾಳಿ. ಕಿಟಕಿಯ ರೆಕ್ಕೆ ಕಿತ್ತು, ಎರಚಲು ನೇರ ಹಲಗೆಯ ಮೇಲೆ. ಡೆಸ್ಕಿನಿಂದ ಫೋನು: ಹೆದ್ದಾರಿಯಲ್ಲಿ ಮರ ಬಿದ್ದಿದೆಯಂತೆ, ಫೋಟೋ ಬೇಕು. ಅತ್ತ ಫೋನು, ಇತ್ತ ಹಲಗೆ. ಮಗಳು ಮಂಚದ ಮೇಲಿನ ಕಂಬಳಿಯನ್ನು ಕೊಡೆಯ ಹಾಗೆ ಎತ್ತಿ ಹಿಡಿದು ನಿಂತಳು. ಅತ್ತೆ ಎದ್ದು, ಗೋಡೆ ಹಿಡಿದುಕೊಂಡು ಬಂದು, ಕಿಟಕಿಗೆ ಬೆನ್ನು ಕೊಟ್ಟು ನಿಂತರು. ಹಲಗೆ ಎಳೆದು ಅಡುಗೆಮನೆಗೆ ಹಾಕುವಷ್ಟರಲ್ಲಿ ಬಲ ಮೂಲೆಯ ಒಂದು ಗೇಣು ಹೋಗಿತ್ತು. ಬಿಳಿ ಕೆಂಪು ಬೆರೆತು ತಿಳಿಗುಲಾಬಿ ಆಗಿ ಇಳಿಯುತ್ತಿತ್ತು. ಆಮೇಲೆ ಬೈಕು ಹತ್ತಿ ಮರದ ಫೋಟೋ ತೆಗೆದು ಕಳಿಸಿದೆವು. ಮರುದಿನದ ಪೇಪರಿನಲ್ಲಿ ಅದು ಬಂತು, ಎರಡು ಕಾಲಂ.

ಕೆಟ್ಟ ಮೂಲೆಯನ್ನು ಕೆರೆದು, ಮತ್ತೆ ಮಣ್ಣು ಬಳಿದರೆ ಹೊಸ ಕೆಂಪೇ ಬೇರೆ, ಹಳೆಯ ಕೆಂಪೇ ಬೇರೆ. ಒಣಗಿದ ಮೇಲೂ ಒಂದು ಛಾಯೆ ಗಾಢ. ಎದ್ದು ಕಾಣುತ್ತದೆ ಅಂತ ನಮಗೆ ಸಮಾಧಾನವಿಲ್ಲ. ಅತ್ತೆಗೆ ಅದೇನೂ ಅನ್ನಿಸಲಿಲ್ಲ. ಗೋಡೆಗೂ ತೇಪೆ ಹಾಕಿ ಬರೆದದ್ದಿದೆ, ಮಾಡು ಸೋರದ ಮನೆ ಆಗ ಯಾರದ್ದಿತ್ತು ಅಂದರು.

ಮದುವೆಯ ಹಿಂದಿನ ದಿನ ಹಲಗೆಯನ್ನು ಭದ್ರಾವತಿಗೆ ಸಾಗಿಸಿದ್ದು ತರಕಾರಿ ಆಟೋದಲ್ಲಿ, ಮೇಲೆ ಎರಡು ಟಾರ್ಪಾಲು. ಹದಿನೆಂಟು ಇಪ್ಪತ್ತು ಕಿಲೋಮೀಟರ್ ಅಷ್ಟೇ, ಆದರೆ ದಾರಿಯಲ್ಲಿ ಮೂರು ಸಲ ಮಳೆ, ಎರಡು ಸಲ ಬಿಸಿಲು. ಟಾರ್ಪಾಲಿನ ಅಡಿಯ ಬೆವರಿಗೆ ಬಿಳಿ ಎದ್ದು ಹೋಗುತ್ತದೋ ಅಂತ ಮಗಳು ಪ್ರತಿ ಸ್ಟಾಪಿನಲ್ಲೂ ಎತ್ತಿ ನೋಡುತ್ತಿದ್ದಳು.

ತಿಳಿನೀಲಿ ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಅತ್ತೆಯ ತವರಿನಿಂದ ನಾಲ್ಕು ಜನ ಹೆಂಗಸರು ಬಂದಿದ್ದರು, ಎಲ್ಲರೂ ಅರವತ್ತು ದಾಟಿದವರು. ಚಹಾ ಬೇಡ, ನೀರು ಬೇಡ, ಮೊದಲು ಹಲಗೆಯ ಮುಂದೆ ಕೂತರು. ಸುಮಾರು ಹೊತ್ತು ನೋಡಿದರು. ನಮಗೆ ಪತ್ರಿಕೋದ್ಯಮ ಡಿಪ್ಲೊಮಾದ ವೈವಾ ನೆನಪಾಯಿತು. ಒಬ್ಬರು ಒಂದು ಕಡೆ ಬೆರಳಿಟ್ಟು ‘ಇಲ್ಲಿ ಒಂದೆಳೆ ಕಮ್ಮಿ’ ಅಂದರು. ಅತ್ತೆ ‘ನಮ್ಮ ಮನೇಲಿ ಹಿಂಗೇಯ’ ಅಂದರು. ಅವರಿಬ್ಬರಲ್ಲಿ ಅಲ್ಲೇ ವಾದ ಶುರುವಾಯಿತು, ಯಾರ ಅಮ್ಮ ಎಷ್ಟೆಳೆ ಬರೆಯುತ್ತಿದ್ದರು ಅಂತ. ಲಕ್ವ ಹೊಡೆದ ಮೇಲೆ ಅತ್ತೆ ಅಷ್ಟು ಉದ್ದ ಮಾತಾಡಿದ್ದು ಅವತ್ತೇ. ಕೊನೆಗೆ ಬೆರಳಿಟ್ಟವರು ತಮ್ಮ ಚೀಲದಿಂದ ನಾರು ತೆಗೆದು, ಮಿಕ್ಕಿದ್ದ ಅಕ್ಕಿ ಹಿಟ್ಟಿನಲ್ಲಿ ಅದ್ದಿ, ಕೇಳದೆಯೇ ಆ ಎಳೆ ಎಳೆದುಬಿಟ್ಟರು. ಕೈ ಒಂದು ಚೂರೂ ಅದುರಲಿಲ್ಲ. ಅತ್ತೆ ತಡೆಯಲಿಲ್ಲ. ಆಮೇಲೆ ಅವರೆಲ್ಲ ಸೇರಿ ಹಸೆಯ ಹಾಡು ಹೇಳಿದರು. ಅತ್ತೆಯ ದನಿ ಒಂದು ಸಾಲು ಹಿಂದೆ ಬರುತ್ತಿತ್ತು.

ಮದುಮಕ್ಕಳು ಅದರ ಮುಂದೆ ಕೂತರು, ವಿಡಿಯೋದವರು ಬೆಳಕು ಬಿಟ್ಟರು, ಮಕ್ಕಳು ಮುಟ್ಟಿ ನೋಡಿದರು. ತೇಪೆ ಹಾಕಿದ ಮೂಲೆ ಮದುಮಗಳ ಸೀರೆಯ ಹಿಂದೆ ಮರೆಯಾಯಿತು.

ಹಲಗೆ ಈಗ ಅತ್ತೆಯ ಕೋಣೆಯಲ್ಲಿದೆ. ಮನೆ ಬದಲಾಯಿಸಿದರೂ ಜತೆಗೆ ಹೋಗುತ್ತದೆ. ಮಳೆಗಾಲದ ತೇವಕ್ಕೆ ಬೂಸಲು ಬಾರದ ಹಾಗೆ ಹಿಂಬದಿಗೆ ಗಾಳಿಯಾಡಲೆಂದು ಗೋಡೆಯಿಂದ ಎರಡಿಂಚು ದೂರ ಇಟ್ಟಿದ್ದೇವೆ. ಮಗಳ ಹಾಳೆಗಳು ನಲವತ್ತೊಂದಾಗಿವೆ, ಅದರಲ್ಲಿ ಒಂಬತ್ತಕ್ಕೆ ಹೆಸರಿಲ್ಲ. ಸಾಗರದ ಕಡೆಯ ಓದುಗರು ಯಾರಾದರೂ ಮನೆಯ ಹಿರಿಯರಿಗೆ ತೋರಿಸಿ ಹೆಸರು ಹೇಳುವುದಾದರೆ ಫೋಟೋ ಕಳಿಸುತ್ತೇವೆ.

ರೋಹಿಣಿ ಮಳೆ ಹಿಡಿದಿದೆ. ಅತ್ತೆ ಎಡಗೈಯಲ್ಲಿ ಪುಂಡಿ ನಾರು ಹಿಡಿಯಲು ಶುರು ಮಾಡಿದ್ದಾರೆ. ಭೂಮಿ ಹುಣ್ಣಿಮೆಯ ಬುಟ್ಟಿಗೆ ಇನ್ನೂ ನಾಲ್ಕು ತಿಂಗಳಿದೆ ಅನ್ನುತ್ತಾರೆ. ಸದ್ಯಕ್ಕೆ ಅಡ್ಡ ಗೆರೆ ಬರುತ್ತದೆ. ನಿಂತ ಗೆರೆ ಇನ್ನೂ ಬರುತ್ತಿಲ್ಲ.